ಮಾಯವಾದ ಅಣ್ಣ, ಬದಲಾದ ಬಾಗಿಲು

ಮನೆಯಲ್ಲಿ ಮೂವರು ಮಕ್ಕಳು. ಹಿರಿಯವನ ಹೆಸರು ಚಕ್. ಬಾಸ್ಕೆಟ್‌ಬಾಲ್ ಎಂದರೆ ಅವನಿಗೆ ಪಂಚಪ್ರಾಣ. ಈ ಹುಡುಗ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾನೆ. ಅಪ್ಪ ಹುಡುಕುವುದಿಲ್ಲ, ಅಮ್ಮ ಅಳುವುದಿಲ್ಲ, ತಮ್ಮ-ತಂಗಿಯರು 'ಅಣ್ಣ ಎಲ್ಲಿ?' ಎಂದು ಕೇಳುವುದೂ ಇಲ್ಲ! ವರ್ಷಗಳ ನಂತರ ಮಗಳ ಮದುವೆಯ ದಿನ ಅಪ್ಪ ತನ್ನ 'ಇಬ್ಬರು' ಮಕ್ಕಳಿಗೂ ಮದುವೆಯಾಯಿತೆಂದು ಸಂತೋಷಪಡುತ್ತಾನೆ.

ಇದು ಪೊಲೀಸರಿಗೆ ದೂರು ಕೊಡಬೇಕಾದ ಪ್ರಕರಣವಲ್ಲ. 1974ರಿಂದ 1984ರವರೆಗೆ ಅಮೆರಿಕದ ಟಿ.ವಿ.ಯಲ್ಲಿ ಪ್ರಸಾರವಾದ 'ಹ್ಯಾಪಿ ಡೇಸ್' ಎಂಬ ಹಾಸ್ಯ ಧಾರಾವಾಹಿಯ ಕಥೆ. ಎರಡನೆಯ ಸರಣಿಯ ನಂತರ ಚಕ್‌ನ ಪಾತ್ರವನ್ನು ಸದ್ದಿಲ್ಲದೆ ಕೈಬಿಡಲಾಯಿತು. ಆದರೆ ವೀಕ್ಷಕರು ಮರೆಯಲಿಲ್ಲ. ಹೀಗೆ ಹೇಳದೆ ಕೇಳದೆ ಮಾಯವಾಗುವ ಪಾತ್ರಗಳಿಗೆಲ್ಲ ಅಲ್ಲಿನ ಜನ ಇಂದಿಗೂ ಚಕ್‌ನ ಹೆಸರನ್ನೇ ಹಿಡಿದು ಹೇಳುತ್ತಾರೆ.

ಹಿಂದೆ ತೋರಿಸಿದ್ದಕ್ಕೂ ಮುಂದೆ ತೋರಿಸುವುದಕ್ಕೂ ತಾಳೆಯಾಗಬೇಕು. ಚಿತ್ರರಂಗದವರು ಇದನ್ನು 'ಕಂಟಿನ್ಯುಟಿ' ಎನ್ನುತ್ತಾರೆ. ತಾಳ ತಪ್ಪಿದರೆ ಅದು ಕಂಟಿನ್ಯುಟಿ ದೋಷ. ಜಗತ್ತಿನಾದ್ಯಂತ ಜನಪ್ರಿಯವಾದ 'ಫ್ರೆಂಡ್ಸ್' ಧಾರಾವಾಹಿಯಲ್ಲೂ ಇಂಥವು ಬೇಕಾದಷ್ಟಿವೆ. 1994ರಿಂದ 2004ರವರೆಗೆ ಅದರ 236 ಕಂತುಗಳು ಪ್ರಸಾರವಾದವು. ಮೊದಲ ಕಂತುಗಳಲ್ಲಿ ಮೋನಿಕಾಳ ಮನೆಯ ಬಾಗಿಲಿನ ಮೇಲೆ 5 ಎಂಬ ಸಂಖ್ಯೆ ಇದೆ. ಕೆಲವೇ ಕಂತುಗಳಲ್ಲಿ ಅದು 20 ಆಗುತ್ತದೆ! ಕಥೆಯ ಪ್ರಕಾರ ಆ ಮನೆ ಮೇಲಿನ ಮಹಡಿಯಲ್ಲಿದೆ. 5 ಎಂಬುದು ಕೆಳಗಿನ ಮನೆಯ ಸಂಖ್ಯೆಯಂತೆ ಕಾಣುತ್ತದೆಂದು ತಯಾರಕರಿಗೆ ಹೊಳೆಯಿತು. ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದು ತಪ್ಪು ಹುಟ್ಟಿಕೊಂಡಿತು. ಮೊದಲ ಕಂತಿನಲ್ಲಿ ರೇಚೆಲ್ ಮತ್ತು ಚಾಂಡ್ಲರ್ ಆಗಷ್ಟೇ ಪರಿಚಯವಾದವರಂತೆ ಮಾತನಾಡುತ್ತಾರೆ. 1998ರಲ್ಲಿ ಪ್ರಸಾರವಾದ ಕಂತೊಂದು, ಅವರಿಬ್ಬರೂ ಕಾಲೇಜು ದಿನಗಳಲ್ಲೇ ಭೇಟಿಯಾಗಿದ್ದರೆಂದು ತೋರಿಸುತ್ತದೆ.

ಇಷ್ಟೊಂದು ಹಣ, ಇಷ್ಟೊಂದು ಜನ ಇದ್ದೂ ತಪ್ಪುಗಳಾಗುವುದೇಕೆ? ಇಂಥ ಧಾರಾವಾಹಿಗಳನ್ನು ಸಾಮಾನ್ಯವಾಗಿ ಪ್ರೇಕ್ಷಕರ ಎದುರಿನಲ್ಲೇ, ಹಲವು ಕ್ಯಾಮೆರಾಗಳನ್ನಿಟ್ಟು ಚಿತ್ರೀಕರಿಸುತ್ತಾರೆ. ಒಂದೇ ದೃಶ್ಯವನ್ನು ಎರಡು ಮೂರು ಬಾರಿ ಅಭಿನಯಿಸುವುದುಂಟು. ಮೊದಲ ಸಲ ನಟನ ಕೈಯಲ್ಲಿದ್ದ ಕಾಫಿ ಲೋಟ ಎರಡನೆಯ ಸಲ ಮೇಜಿನ ಮೇಲಿರಬಹುದು. ಸಂಕಲನಕಾರ ಎರಡರಿಂದಲೂ ಚೆನ್ನಾಗಿರುವ ತುಣುಕುಗಳನ್ನು ಆಯ್ದು ಜೋಡಿಸುತ್ತಾನೆ. ನಗು ತರಿಸುವ ಅಭಿನಯ ಬೇಕೋ, ಲೋಟ ಸರಿಯಾಗಿರಬೇಕೋ ಎಂಬ ಪ್ರಶ್ನೆ ಬಂದಾಗ ಗೆಲ್ಲುವುದು ನಗುವೇ. ಲೋಟದ ಕಡೆ ಯಾರೂ ನೋಡುವುದಿಲ್ಲ ಎಂಬುದು ಅವನ ಧೈರ್ಯ.

ಈ ಧೈರ್ಯಕ್ಕೆ ವಿಜ್ಞಾನದ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ 1997ರಲ್ಲಿ ಒಂದು ಸ್ವಾರಸ್ಯಕರ ಪ್ರಯೋಗವನ್ನು ಪ್ರಕಟಿಸಿದರು. ಇಬ್ಬರು ಮಹಿಳೆಯರು ಮೇಜಿನ ಬಳಿ ಕುಳಿತು ಮಾತನಾಡುವ ಪುಟ್ಟ ಚಿತ್ರವೊಂದನ್ನು ತಯಾರಿಸಿ, ಅದರಲ್ಲಿ ಬೇಕೆಂದೇ 9 ಕಂಟಿನ್ಯುಟಿ ದೋಷಗಳನ್ನು ಸೇರಿಸಿದರು. ಕೊರಳಲ್ಲಿದ್ದ ಸ್ಕಾರ್ಫ್ ಮಾಯವಾಗುತ್ತದೆ, ಮೇಜಿನ ಮೇಲಿನ ಕೆಂಪು ತಟ್ಟೆಗಳು ಬಿಳಿಯಾಗುತ್ತವೆ. ಚಿತ್ರವನ್ನು 10 ಮಂದಿಗೆ ತೋರಿಸಿದರು. ಏನಾದರೂ ಬದಲಾದುದನ್ನು ಕಂಡೆ ಎಂದವರು ಒಬ್ಬರು ಮಾತ್ರ! 'ಈಗ ತಪ್ಪುಗಳನ್ನು ಹುಡುಕಿ' ಎಂದು ಹೇಳಿ ಮತ್ತೆ ತೋರಿಸಿದಾಗಲೂ ಸರಾಸರಿ ಸಿಕ್ಕಿದ್ದು 9ರಲ್ಲಿ ಸುಮಾರು 2 ಮಾತ್ರ.

ಇವರ ಕಣ್ಣಿನಲ್ಲಿ ದೋಷವಿತ್ತೇ? ಖಂಡಿತ ಇಲ್ಲ. ಕಣ್ಣು ಕಂಡದ್ದನ್ನೆಲ್ಲ ಮಿದುಳು ಕ್ಯಾಮೆರಾದಂತೆ ಕೂಡಿಡುವುದಿಲ್ಲ. ಆ ಹೊತ್ತಿಗೆ ಬೇಕಾದ ಅರ್ಥವನ್ನು ಹಿಡಿದುಕೊಂಡು ಉಳಿದುದರಲ್ಲಿ ಬಹುಪಾಲನ್ನು ಬಿಟ್ಟುಬಿಡುತ್ತದೆ. ಮಾತು ಕೇಳುವವನಿಗೆ ಮಾತು ಮುಖ್ಯ, ತಟ್ಟೆಯ ಬಣ್ಣವಲ್ಲ. ಕಣ್ಣೆದುರಿನ ಬದಲಾವಣೆಯೂ ಹೀಗೆ ಗಮನಕ್ಕೆ ಬಾರದಿರುವುದನ್ನು ವಿಜ್ಞಾನಿಗಳು 'ಬದಲಾವಣೆಯ ಕುರುಡು' ಎನ್ನುತ್ತಾರೆ.

ಈಗ ಟಿ.ವಿ. ಆರಿಸಿ, ಮಗುವಿನ ಗಣಿತದ ಉತ್ತರಪತ್ರಿಕೆಯನ್ನು ಬಿಡಿಸಿ ನೋಡಿ. ಮೂರನೆಯ ಸಾಲಿನಲ್ಲಿ -7 ಇದೆ. ನಾಲ್ಕನೆಯ ಸಾಲಿನಲ್ಲಿ ಅದು +7 ಆಗಿದೆ. ವಿಧಾನ ಸರಿ, ಸೂತ್ರ ಸರಿ, ಉತ್ತರ ಮಾತ್ರ ತಪ್ಪು. ಇದೂ ಒಂದು ಕಂಟಿನ್ಯುಟಿ ದೋಷವೇ ಅಲ್ಲವೇ? 'ಬರೆಯುವಾಗ ಕಣ್ಣು ಎಲ್ಲಿತ್ತು?' ಎಂದು ಅಪ್ಪ ಗದರುತ್ತಾರೆ. 'ಎರಡು ಸಲ ನೋಡಿದೆ ಅಪ್ಪಾ' ಎಂದು ಮಗು ಅಳುತ್ತದೆ. ಮಗು ಸುಳ್ಳು ಹೇಳುತ್ತಿರಬೇಕೆಂದೇನೂ ಇಲ್ಲ. ಲೆಕ್ಕದ ಅರ್ಥವನ್ನು ತಿಳಿದ ಮನಸ್ಸು ಅರ್ಥವನ್ನೇ ಓದಿಕೊಂಡು ಹೋಗಿರುತ್ತದೆ, ಚಿಹ್ನೆಯನ್ನಲ್ಲ. 'ಇನ್ನೊಮ್ಮೆ ಸರಿಯಾಗಿ ನೋಡು' ಎಂದರೆ ಸಾಲದು. ಹೇಗೆ ನೋಡಬೇಕೆಂದು ಹೇಳಿಕೊಡಬೇಕು.

ಅದನ್ನು ಚಿತ್ರೀಕರಣದ ಸ್ಥಳದಲ್ಲೇ ಕಲಿಯಬಹುದು. ಹಾಲಿವುಡ್‌ನಲ್ಲಿ ಕಂಟಿನ್ಯುಟಿ ಕಾಯುವುದಕ್ಕೆಂದೇ ಒಬ್ಬರು ಇರುತ್ತಾರೆ. ಅವರನ್ನು ಸ್ಕ್ರಿಪ್ಟ್ ಸೂಪರ್‌ವೈಸರ್ ಎನ್ನುತ್ತಾರೆ. ನಮ್ಮ ಚಿತ್ರರಂಗದಲ್ಲಿ ಈ ಹೊಣೆ ಸಾಮಾನ್ಯವಾಗಿ ಸಹಾಯಕ ನಿರ್ದೇಶಕರ ಹೆಗಲೇರುತ್ತದೆ. ಇವರು ತಮ್ಮ ನೆನಪನ್ನು ನಂಬುವುದಿಲ್ಲ. ಫೋಟೋ ತೆಗೆದಿಡುತ್ತಾರೆ, ಬರೆದಿಡುತ್ತಾರೆ. ಯಾವ ಮಾತಿಗೆ ಲೋಟ ಯಾವ ಕೈಯಲ್ಲಿತ್ತು, ಅಂಗಿಯ ಎಷ್ಟು ಗುಂಡಿ ಹಾಕಿತ್ತು, ಎಲ್ಲಕ್ಕೂ ದಾಖಲೆ. ಪ್ರಯೋಗಶಾಲೆಯಲ್ಲಿ ಅಳತೆಯನ್ನು ಕಂಡ ಕೂಡಲೇ ಬರೆದುಕೊಳ್ಳಬೇಕೆಂಬ ನಿಯಮದ ಗುಟ್ಟೂ ಇದೇ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಯಾವುದಾದರೂ ಹಾಸ್ಯ ಧಾರಾವಾಹಿಯ ಮೂರು ನಿಮಿಷದ ದೃಶ್ಯವನ್ನು ಮೊದಲು ಕಥೆಗಾಗಿ ನೋಡಿ. ಕಂಡ ದೋಷಗಳನ್ನು ಅಪ್ಪ, ಅಮ್ಮ, ಮಕ್ಕಳು ಬೇರೆ ಬೇರೆ ಹಾಳೆಯಲ್ಲಿ ಬರೆಯಲಿ. ಎರಡನೆಯ ಸಲ ಧ್ವನಿ ಅಡಗಿಸಿ. ಒಬ್ಬರು ಕೈಗಳನ್ನು ಮಾತ್ರ, ಒಬ್ಬರು ಮೇಜನ್ನು ಮಾತ್ರ, ಇನ್ನೊಬ್ಬರು ಗೋಡೆಯ ಗಡಿಯಾರವನ್ನು ಮಾತ್ರ ನೋಡಲಿ. ಎರಡೂ ಸಲದ ಪಟ್ಟಿಗಳನ್ನು ಹೋಲಿಸಿ. ಸಿಕ್ಕಿದ ದೋಷವನ್ನು ಮತ್ತೆ ದೃಶ್ಯ ಹಾಕಿ ಖಚಿತಪಡಿಸಿಕೊಳ್ಳಿ. ಗಡಿಯಾರ ಮುಂದೆ ಹೋಗಿದ್ದರೆ ಕಥೆಯಲ್ಲೇ ಸಮಯ ಕಳೆದಿರಬಹುದು, ಅದು ತಪ್ಪಾಗಲಾರದು!

ಪಾತ್ರ ಸುಳ್ಳು ಹೇಳಿರುವ ಸಾಧ್ಯತೆಯೂ ಉಂಟು. 'ಚಿಯರ್ಸ್' ಧಾರಾವಾಹಿಯಲ್ಲಿ ಡಾ. ಫ್ರೇಸಿಯರ್ ತನ್ನ ತಂದೆ ತೀರಿಹೋದ ವಿಜ್ಞಾನಿ ಎಂದಿದ್ದ. 1993ರಲ್ಲಿ ಅವನದೇ ಹೆಸರಿನ ಹೊಸ ಧಾರಾವಾಹಿ ಶುರುವಾದಾಗ ನೋಡಿದರೆ, ತಂದೆ ನಿವೃತ್ತ ಪೊಲೀಸ್, ಜೀವಂತವಾಗಿದ್ದಾನೆ! 1995ರ ಕಂತಿನಲ್ಲಿ ಹಳೆಯ ಗೆಳೆಯ ಈ ಬಗ್ಗೆ ಕೇಳಿದಾಗ, ಆಗ ಅಪ್ಪನೊಡನೆ ಜಗಳವಾಗಿತ್ತು, ಸಿಟ್ಟಿನಲ್ಲಿ ಹಾಗೆಂದೆ ಎಂದು ಫ್ರೇಸಿಯರ್ ಒಪ್ಪಿಕೊಳ್ಳುತ್ತಾನೆ. ಬರಹಗಾರರು ತಪ್ಪನ್ನು ಮುಚ್ಚಿಡಲಿಲ್ಲ. ಅದರಿಂದಲೇ ನಗು ಹುಟ್ಟಿಸಿದರು.

ಮುಂದಿನ ಪರೀಕ್ಷೆಯಲ್ಲಿ ಕೊನೆಯ ಹತ್ತು ನಿಮಿಷ ಉಳಿದಾಗ ವಿದ್ಯಾರ್ಥಿಗಳು ಇದನ್ನು ನೆನಪಿಡಲಿ. ಇಡೀ ಉತ್ತರವನ್ನು ಕಥೆಯಂತೆ ಓದುತ್ತ ಹೋಗಬಾರದು. ಒಮ್ಮೆ ಚಿಹ್ನೆಗಳನ್ನು ಮಾತ್ರ, ಒಮ್ಮೆ ಮಾನಗಳನ್ನು ಮಾತ್ರ, ಒಮ್ಮೆ ಪ್ರಶ್ನೆಸಂಖ್ಯೆಗಳನ್ನು ಮಾತ್ರ ನೋಡಬೇಕು. ಪೋಷಕರು ಗದರುವ ಮುನ್ನ ಆ ಹತ್ತು ಮಂದಿಯನ್ನು ನೆನೆಯಲಿ. ಅವರಲ್ಲಿ ಒಂಬತ್ತು ಮಂದಿಗೆ ಕೆಂಪು ತಟ್ಟೆ ಬಿಳಿಯಾದದ್ದೂ ಕಾಣಲಿಲ್ಲ!