ಪ್ರೊಜೆಕ್ಟರಿನ ದೀಪವೂ ಅದರ ಆರೈಕೆಯೂ

ಮನೆಯ ಗೋಡೆಯನ್ನೇ ಬೆಳ್ಳಿತೆರೆಯಾಗಿ ಮಾಡಿಕೊಂಡು ಚಲನಚಿತ್ರ ನೋಡುವ ಅನುಕೂಲ ಈಗ ಎಷ್ಟೋ ಕುಟುಂಬಗಳಿಗೆ ಒದಗಿದೆ. ಪ್ರೊಜೆಕ್ಟರನ್ನು ಕೊಂಡವರಿಗೆ ಅದರ ಜೊತೆಯಲ್ಲಿಯೇ ಒಂದು ಕೈಪಿಡಿಯೂ ದೊರೆಯುತ್ತದೆ. ‘ಹೀಗೆ ಮಾಡಬೇಕು, ಹಾಗೆ ಮಾಡಕೂಡದು’ ಎಂಬ ವಿಧಿನಿಷೇಧಗಳು ಅದರಲ್ಲಿ ಧರ್ಮಶಾಸ್ತ್ರದ ಗ್ರಂಥದಲ್ಲಿರುವಂತೆ ಸಾಲುಸಾಲಾಗಿ ಇರುತ್ತವೆ. ಕಾರಣಗಳು ಮಾತ್ರ ಇರುವುದಿಲ್ಲ. ಕಾರಣ ತಿಳಿಯದ ನಿಯಮವನ್ನು ಮನುಷ್ಯನು ಬಹುಕಾಲ ಪಾಲಿಸುವವನಲ್ಲ. ದೀಪವನ್ನು ಆರಿಸಿದ ಮೇಲೂ ಒಳಗಿನ ಫ್ಯಾನು ಏತಕ್ಕೆ ತಿರುಗುತ್ತಿರಬೇಕು? ಹೋದ ಕರೆಂಟು ಮರಳಿ ಬಂದೊಡನೆ ದೀಪ ಏಕೆ ಹೊತ್ತಿಕೊಳ್ಳುವುದಿಲ್ಲ? ಗಾಜನ್ನು ಬೆರಳಿನಿಂದ ಮುಟ್ಟಿದರೆ ಕೆಡುವುದೇನು? ಈ ಪ್ರಶ್ನೆಗಳ ಉತ್ತರಗಳೆಲ್ಲ ದೀಪದ ಒಳಗೇ ಇವೆ. ಅವನ್ನು ತಿಳಿದುಕೊಳ್ಳುವುದರಲ್ಲಿ ಹಣದ ಉಳಿತಾಯ ಮಾತ್ರವಲ್ಲ, ಮನೆಯವರ ಕ್ಷೇಮವೂ ಅಡಗಿದೆ. ಏಕೆಂದರೆ ಆ ಪುಟ್ಟ ಬುರುಡೆಯಲ್ಲಿರುವುದು ಪಾದರಸ.

ಇತ್ತೀಚಿನ ಪ್ರೊಜೆಕ್ಟರುಗಳಲ್ಲಿ ಕೆಲವಕ್ಕೆ ದೀಪವೇ ಇಲ್ಲ. ಲೇಸರ್ ಅಥವಾ ಎಲ್‌ಇಡಿ ಆ ಸ್ಥಾನವನ್ನು ಆಕ್ರಮಿಸಿದೆ. ಅವುಗಳ ವಿಷಯ ಬೇರೆ. ನಾವಿಲ್ಲಿ ವಿಚಾರಿಸುತ್ತಿರುವುದು ಈಗಲೂ ಅನೇಕ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಉರಿಯುತ್ತಿರುವ ಅತ್ಯಧಿಕ ಒತ್ತಡದ ಪಾದರಸ ದೀಪವನ್ನು. ಫಿಲಿಪ್ಸ್ ಸಂಸ್ಥೆ 1995ರಲ್ಲಿ ಬಳಕೆಗೆ ತಂದ ಈ ಮಾದರಿಗೆ ಯುಎಚ್‌ಪಿ ದೀಪವೆಂದು ಹೆಸರು.

ಎರಡು ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ತು ಅನಿಲದ ಮೂಲಕ ಹರಿದು ಜ್ವಾಲೆಯಂತೆ ಉರಿಯುವುದಕ್ಕೆ ವಿದ್ಯುಚ್ಚಾಪವೆನ್ನುತ್ತಾರೆ. ಅಡ್ಡಲಾಗಿ ಉರಿಯುವ ಜ್ವಾಲೆ ತನ್ನದೇ ಬಿಸಿಯಿಂದ ಮೇಲಕ್ಕೆ ಬಿಲ್ಲಿನಂತೆ ಬಾಗುವುದರಿಂದ ಈ ಹೆಸರು. ಹಿಂದೆ ಟೂರಿಂಗ್ ಟಾಕೀಸಿನ ಯಂತ್ರಗಳಲ್ಲಿ ಇಂಗಾಲದ ಕಡ್ಡಿಗಳ ನಡುವೆ ಇಂಥ ಚಾಪವನ್ನೇ ಉರಿಸುತ್ತಿದ್ದರು. ಕಡ್ಡಿಗಳು ಸವೆದಂತೆಲ್ಲ ಅವನ್ನು ಹತ್ತಿರಕ್ಕೆ ಸರಿಸುತ್ತಿರುವುದು ಆಪರೇಟರನ ಕೆಲಸ. ನಮ್ಮ ದೀಪದಲ್ಲಿ ಕಡ್ಡಿಗಳು ಟಂಗ್‌ಸ್ಟನ್ ಲೋಹದವು. ಅವುಗಳ ನಡುವಣ ಅಂತರ ಕೇವಲ ಒಂದು ಮಿಲಿಮೀಟರಿನಷ್ಟು. ಗೋಲಿಯಷ್ಟು ದಪ್ಪವೂ ಇಲ್ಲದ ಕ್ವಾರ್ಟ್ಸ್ ಬುರುಡೆಯೊಳಗೆ ಅವನ್ನು ಶಾಶ್ವತವಾಗಿ ಮುಚ್ಚಿಬಿಟ್ಟಿರುತ್ತಾರೆ.

ಚಾಪವನ್ನು ಇಷ್ಟು ಕಿರಿದು ಮಾಡುವ ಅಗತ್ಯವೇನು? ಪ್ರೊಜೆಕ್ಟರಿನಲ್ಲಿ ಚಿತ್ರ ಹುಟ್ಟುವುದು ಅಂಚೆಚೀಟಿಯಷ್ಟು ಅಗಲವಾದ ಒಂದು ಫಲಕದಲ್ಲಿ. ಅದು ಎಲ್‌ಸಿಡಿ ಇರಬಹುದು, ಅಥವಾ 1987ರಲ್ಲಿ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದ ಸೂಕ್ಷ್ಮದರ್ಪಣಗಳ ಫಲಕವಿರಬಹುದು. ದೀಪದ ಹಿಂದಿನ ನಿಮ್ನದರ್ಪಣ ಬೆಳಕನ್ನೆಲ್ಲ ಕೂಡಿಸಿ ಆ ಫಲಕದ ಕಡೆಗೆ ಕಳುಹಿಸಬೇಕು. ಬೆಳಕಿನ ಮೂಲ ದೊಡ್ಡದಾದರೆ ಅದರ ಬಿಂಬವೂ ದೊಡ್ಡದಾಗುತ್ತದೆ, ಫಲಕದ ಹೊರಗೆ ಚೆಲ್ಲಿದ್ದೆಲ್ಲ ವ್ಯರ್ಥವಾಗುತ್ತದೆ. ಹರಡಿದ ಬೆಳಕನ್ನು ಎಂಥ ಮಸೂರವೂ ನಷ್ಟವಿಲ್ಲದೆ ಕಿರಿದಾದ ಜಾಗಕ್ಕೆ ಹಿಂಡಲಾರದು.

ಇಲ್ಲಿಂದ ಮುಂದೆ ಒಂದು ತೊಡಕು ಇನ್ನೊಂದನ್ನು ಎಳೆದು ತರುತ್ತದೆ. ಅಂತರ ಕಡಮೆಯಾದರೆ ಚಾಪದ ವೋಲ್ಟೇಜೂ ಕುಸಿಯುತ್ತದೆ. 200 ವಾಟಿನ ದೀಪ 20 ವೋಲ್ಟಿನಲ್ಲಿ ಉರಿಯಬೇಕಾದರೆ 10 ಆಂಪಿಯರ್ ಹರಿಯಬೇಕು. ಅಷ್ಟನ್ನು ಆ ಸಣ್ಣ ಕಡ್ಡಿಗಳು ತಾಳಲಾರವು. 80 ವೋಲ್ಟಿನಲ್ಲಿ ಉರಿದರೆ ಎರಡೂವರೆ ಆಂಪಿಯರ್ ಸಾಕು. ಕಿರಿದಾದ ಅಂತರದಲ್ಲಿಯೇ ವೋಲ್ಟೇಜನ್ನು ಹೆಚ್ಚಿಸುವ ಉಪಾಯವೆಂದರೆ ಎಲೆಕ್ಟ್ರಾನುಗಳ ದಾರಿಯಲ್ಲಿ ಪಾದರಸದ ಪರಮಾಣುಗಳನ್ನು ಒತ್ತಾಗಿ ತುಂಬುವುದು. ಹೀಗಾಗಿ ಉರಿಯುವ ದೀಪದೊಳಗಿನ ಒತ್ತಡ ವಾಯುಮಂಡಲದ ಒತ್ತಡದ 200 ಪಟ್ಟಿಗೂ ಹೆಚ್ಚು. ಸಮುದ್ರದಲ್ಲಿ ಎರಡು ಕಿಲೋಮೀಟರ್ ಆಳಕ್ಕೆ ಇಳಿದರೆ ಇಷ್ಟು ಒತ್ತಡ ಸಿಗುತ್ತದೆ. ಇದರಿಂದ ಇನ್ನೊಂದು ಲಾಭವೂ ಉಂಟು: ಸಾಮಾನ್ಯ ಪಾದರಸ ದೀಪದ ನೀಲಿಹಸುರಿನ ರೋಗಿಷ್ಠ ಕಾಂತಿ ಮಾಯವಾಗಿ, ಕೆಂಪೂ ಸೇರಿದ ಬಿಳಿ ಬೆಳಕು ದೊರೆಯುತ್ತದೆ.

ಈಗ ಮುಖ್ಯವಾದ ಸಂಗತಿಗೆ ಬರೋಣ. ಕುಕ್ಕರಿನೊಳಗೆ ಒತ್ತಡ ಹೆಚ್ಚಿದಾಗ ನೀರು 100 ಡಿಗ್ರಿಯಲ್ಲಿ ಕುದಿಯದೆ 120 ಡಿಗ್ರಿಯ ಹತ್ತಿರ ಕುದಿಯುತ್ತದೆಯಷ್ಟೆ. ಪಾದರಸವೂ ಹಾಗೆಯೇ. ತೆರೆದ ಪಾತ್ರೆಯಲ್ಲಿ ಅದು 357 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ವಾಯುಮಂಡಲದ 200 ಪಟ್ಟು ಒತ್ತಡದಲ್ಲಿ ಅದು ಆವಿಯಾಗಿಯೇ ಉಳಿಯಬೇಕಾದರೆ ಬುರುಡೆಯ ಅತ್ಯಂತ ತಂಪಾದ ಮೂಲೆಯೂ 900 ಡಿಗ್ರಿಗಿಂತ ಮೇಲೆ ಇರಬೇಕು. ಇಲ್ಲವಾದರೆ ಪಾದರಸ ಹನಿಗೂಡಿ, ಒತ್ತಡ ಇಳಿದು, ಬೆಳಕು ಕೆಡುತ್ತದೆ. ಆದರೆ ಬಿಸಿ ಗಾಳಿ ಮೇಲೇರುವುದರಿಂದ ಬುರುಡೆಯ ಮೇಲ್ಭಾಗ ಕೆಳಭಾಗಕ್ಕಿಂತ ಬಿಸಿ. ಅಲ್ಲಿ ಉಷ್ಣತೆ ಸುಮಾರು 1100 ಡಿಗ್ರಿಯನ್ನು ಮೀರಿ ಹೋದರೆ ಕ್ವಾರ್ಟ್ಸು ಮೆಲ್ಲಮೆಲ್ಲನೆ ಹರಳುಗಟ್ಟಿ, ಹಾಲಿನಂತೆ ಬೆಳ್ಳಗಾಗಿ, ಬಲಗುಂದುತ್ತದೆ. ಆದಕಾರಣ ಈ ದೀಪ ಬದುಕಬೇಕಾದುದು ಕೇವಲ 200 ಡಿಗ್ರಿಯ ಒಂದು ಕಿರುದಾರಿಯಲ್ಲಿ. ಈ ಕಡೆ ಬಿದ್ದರೆ ಹನಿ, ಆ ಕಡೆ ಬಿದ್ದರೆ ಬಿರುಕು. ಅದನ್ನು ದಾರಿಯಲ್ಲಿ ನಡೆಸುವ ಹೊಣೆ ಒಂದು ಚಿಕ್ಕ ಫ್ಯಾನಿನದು. ಕೈಪಿಡಿಯ ವಿಧಿಗಳಲ್ಲಿ ಹೆಚ್ಚಿನವು ಈ ಫ್ಯಾನಿಗೆ ನೆರವಾಗುವುದಕ್ಕಾಗಿಯೇ ಇವೆ.

ಹೀಗಿರುವುದರಿಂದ ಆರೈಕೆಯ ಮೊದಲ ಕೆಲಸ ಗಾಳಿಯ ದಾರಿಯನ್ನು ತೆರೆದಿಡುವುದು. ಗಾಳಿ ಒಳಹೋಗುವ ಕಡೆ ಇರುವ ಜಾಲರಿಯಲ್ಲಿ ಧೂಳು ಕಟ್ಟಿಕೊಂಡರೆ ಫ್ಯಾನು ಎಷ್ಟು ತಿರುಗಿದರೂ ಗಾಳಿ ಬರದು. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಇದು ಬೇಗ ಆಗುತ್ತದೆ. ಆದರೆ ಒಣ ಧೂಳಿಗಿಂತ ಕೆಟ್ಟದ್ದು ಜಿಡ್ಡು. ಅಡಿಗೆಮನೆಯ ಒಗ್ಗರಣೆಯ ಹೊಗೆಯೂ ಊದುಬತ್ತಿಯ ಹೊಗೆಯೂ ಜಾಲರಿಯ ಮೇಲೆ ಅಂಟಾದ ಪದರವನ್ನು ಕಟ್ಟಿ ಧೂಳನ್ನು ಅಲ್ಲಿಯೇ ಹಿಡಿದಿಡುತ್ತವೆ. ದೇವರಮನೆಯ ಪಕ್ಕದಲ್ಲಿ ಪ್ರೊಜೆಕ್ಟರನ್ನು ಇಡದಿರುವುದರಿಂದ ಭಕ್ತಿಗೇನೂ ಕುಂದಿಲ್ಲ. ನೂರು ಗಂಟೆಗಳ ಬಳಕೆಗೊಮ್ಮೆಯಾದರೂ ಜಾಲರಿಯನ್ನು ಹೊರತೆಗೆದು ಮೆತ್ತನೆಯ ಬ್ರಷ್ಷಿನಿಂದ ಗುಡಿಸಬೇಕು. ತೊಳೆಯಬಹುದೆಂದು ಕೈಪಿಡಿ ಹೇಳಿದರೆ ಮಾತ್ರ ತೊಳೆದು, ಪೂರ್ತಿ ಒಣಗಿದ ಮೇಲೆ ಮರಳಿ ಹಾಕತಕ್ಕದ್ದು. ಯಂತ್ರದೊಳಕ್ಕೆ ಗಾಳಿ ಊದುವುದು ಬೇಡ. ಹೊರಗಿದ್ದ ಧೂಳು ಮಸೂರಗಳ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ. ಮುಚ್ಚಿದ ಕಪಾಟಿನ ಗೂಡಿನಲ್ಲಿ ಯಂತ್ರವನ್ನು ತುರುಕಿದರೆ ಅದು ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಸೇದುತ್ತದೆ. ಸುತ್ತಲೂ ಒಂದಡಿಯಷ್ಟಾದರೂ ಬಯಲು ಇರಲಿ.

ಇನ್ನು ಕೆಲವರು ತಂಪು ಹೆಚ್ಚಿದಷ್ಟೂ ಒಳ್ಳೆಯದೆಂದು ಟೇಬಲ್ ಫ್ಯಾನನ್ನು ಪ್ರೊಜೆಕ್ಟರಿನ ಕಡೆಗೆ ತಿರುಗಿಸಿ ಇಡುವುದುಂಟು. ಇದು ಸರಿಯಲ್ಲ. ಬಿಸಿಗಾಳಿ ಹೊರಬರುವ ಕಿಂಡಿಗೆ ಎದುರಾಗಿ ಗಾಳಿ ಬೀಸಿದರೆ ಒಳಗಿನ ಹರಿವಿಗೇ ತಡೆ. ಗಾಳಿಯ ಪ್ರಮಾಣವನ್ನು ತಯಾರಕರು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ.

ಗಾಳಿಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯ. ಎತ್ತರದ ಸ್ಥಳಗಳಲ್ಲಿ ಬಳಸುವುದಕ್ಕೆಂದೇ ಅನೇಕ ಯಂತ್ರಗಳಲ್ಲಿ ಒಂದು ಏರ್ಪಾಡಿದ್ದು, ಸುಮಾರು 1500 ಮೀಟರಿನ ಮೇಲೆ ಅದನ್ನು ಹಾಕಿಕೊಳ್ಳಬೇಕೆಂದು ಬರೆದಿರುತ್ತಾರೆ. ಬಿಸಿಯನ್ನು ಹೊತ್ತೊಯ್ಯುವುದು ಗಾಳಿಯ ರಾಶಿಯೇ ಹೊರತು ಅದರ ಗಾತ್ರವಲ್ಲ. 2240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಐದರಲ್ಲೊಂದು ಪಾಲು ವಿರಳ. ಫ್ಯಾನು ಅಷ್ಟೂ ವೇಗವಾಗಿ ತಿರುಗಬೇಕು. ಬೆಂಗಳೂರು ಸುಮಾರು 920 ಮೀಟರ್, ಮಡಿಕೇರಿ 1150 ಮೀಟರಿನ ಆಸುಪಾಸು. ಆದ್ದರಿಂದ ನಮ್ಮ ಊರುಗಳಲ್ಲಿ ಈ ಏರ್ಪಾಡಿನ ಅಗತ್ಯ ಬೀಳುವುದು ಅಪರೂಪ. ಸುಮ್ಮನೆ ಹಾಕಿದರೆ ಗದ್ದಲ ಹೆಚ್ಚು, ಪ್ರಯೋಜನವಿಲ್ಲ.

ಎರಡನೆಯ ಕೆಲಸ ದೀಪವನ್ನು ಹೊತ್ತಿಸುವ ಮತ್ತು ಆರಿಸುವ ಕ್ರಮ. ತಣ್ಣಗಿರುವ ಬುರುಡೆಯಲ್ಲಿ ಪಾದರಸ ಹನಿಗಳಾಗಿ ಅಂಟಿಕೊಂಡಿರುತ್ತದೆ. ಸ್ವಲ್ಪ ಆರ್ಗಾನ್ ಅನಿಲ ಮಾತ್ರ ತುಂಬಿರುತ್ತದೆ. ಸಾವಿರಾರು ವೋಲ್ಟಿನ ಒಂದು ಹೊಡೆತದಿಂದ ಆರ್ಗಾನಿನಲ್ಲಿ ಕಿಡಿ ಹಾರಿ, ಅದರ ಬಿಸಿಗೆ ಪಾದರಸ ಆವಿಯಾಗಿ, ಬೆಳಕು ಕ್ರಮೇಣ ಏರುತ್ತದೆ. ಈ ಆರಂಭದ ಕ್ಷಣಗಳಲ್ಲಿ ಕಡ್ಡಿಗಳಿಂದ ಟಂಗ್‌ಸ್ಟನ್ ಸಿಡಿದು ಬುರುಡೆಯ ಗೋಡೆಯನ್ನು ಕಪ್ಪಾಗಿಸುತ್ತದೆ. ದೀಪ ಪೂರ್ತಿ ಬಿಸಿಯಾದ ಮೇಲೆ ಒಳಗಿರುವ ಅತ್ಯಲ್ಪ ಬ್ರೋಮೀನು ಗೋಡೆಗೆ ಹೋಗುವ ಟಂಗ್‌ಸ್ಟನ್ನನ್ನು ದಾರಿಯಲ್ಲಿಯೇ ಹಿಡಿದು ಕಡ್ಡಿಗೆ ಮರಳಿ ಸೇರಿಸುತ್ತದೆ. ಹೊತ್ತಿಸಿದ ಐದೇ ನಿಮಿಷಕ್ಕೆ ಆರಿಸಿದರೆ ಸವೆತ ಪೂರ್ತಿ, ದುರಸ್ತಿ ಅರೆಬರೆ. ಕಾಫಿ ಕುಡಿದು ಬರುವಷ್ಟು ಹೊತ್ತಿಗೆಂದು ದೀಪ ಆರಿಸುವುದು ಉಳಿತಾಯವಲ್ಲ.

ಆರಿಸುವಾಗ ಗುಂಡಿಯನ್ನು ಒತ್ತಿ, ಫ್ಯಾನು ತಾನಾಗಿಯೇ ನಿಲ್ಲುವವರೆಗೆ ಕಾದು, ಅನಂತರ ಗೋಡೆಯ ಸ್ವಿಚ್ಚಿಗೆ ಕೈಹಾಕಬೇಕು. ಬುರುಡೆಯ ಎರಡು ಕೊನೆಗಳಲ್ಲಿ ವಿದ್ಯುತ್ತನ್ನು ಒಳಗೆ ಒಯ್ಯುವುದು ಕೂದಲಿಗಿಂತ ತೆಳುವಾದ ಮಾಲಿಬ್ಡಿನಂ ಹಾಳೆ. ಕ್ವಾರ್ಟ್ಸು ಬಿಸಿಗೆ ಹಿಗ್ಗುವುದು ಅತ್ಯಲ್ಪ, ಲೋಹ ಹಿಗ್ಗುವುದು ಅದರ ಹಲವು ಪಟ್ಟು. ಆದರೆ ಹಾಳೆ ಅಷ್ಟು ತೆಳುವಾದುದರಿಂದ ಸೀಲು ಒಡೆಯದೆ ನಿಲ್ಲುತ್ತದೆ. ಹಾಳೆಯ ಹೊರತುದಿ 350 ಡಿಗ್ರಿಯನ್ನು ಮೀರಿದರೆ ಗಾಳಿಯೊಡನೆ ಕೂಡಿ ತುಕ್ಕು ಹಿಡಿದು, ಉಬ್ಬಿ, ಕ್ವಾರ್ಟ್ಸನ್ನು ಸೀಳುತ್ತದೆ. ಫ್ಯಾನು ಹಠಾತ್ತನೆ ನಿಂತರೆ ಬುರುಡೆಯ ಬಿಸಿ ಈ ಸೀಲುಗಳ ಕಡೆಗೂ ಸುತ್ತಲಿನ ಪ್ಲಾಸ್ಟಿಕ್ ಭಾಗಗಳ ಕಡೆಗೂ ಹರಿಯುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ತತ್‌ಕ್ಷಣ ಪ್ಲಗ್ ಕಿತ್ತರೂ ಚಿಂತೆಯಿಲ್ಲವೆಂದು ತಯಾರಕರೇ ಹೇಳಿದ್ದಾರೆ. ಹಾಗೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನಂಬಬಹುದು.

ಕರೆಂಟು ಹೋಗುವುದು ನಮ್ಮ ಕೈಯಲ್ಲಿಲ್ಲ. ಬೇಸಗೆಯಲ್ಲಿಯೂ ಮಳೆಗಾಲದ ಗಾಳಿಯಲ್ಲಿಯೂ ಅದು ಹೇಳಿ ಹೋಗುವುದಿಲ್ಲ. ಯಂತ್ರಕ್ಕೆ ಬೇಕಾದ ವಾಟುಗಳನ್ನು ಹೊರಬಲ್ಲ ಒಂದು ಸಾಧಾರಣ ಯುಪಿಎಸ್ ಇದ್ದರೆ ಸಾಕು. ಉಳಿದ ಚಿತ್ರವನ್ನು ನೋಡಿ ಮುಗಿಸುವುದಕ್ಕಲ್ಲ, ದೀಪವನ್ನು ಕ್ರಮವಾಗಿ ಆರಿಸಿ ಫ್ಯಾನಿಗೆ ನಾಲ್ಕು ನಿಮಿಷ ಕೊಡುವುದಕ್ಕೆ. ಯುಪಿಎಸ್ ಇಲ್ಲದೆ ಆರಿಹೋದರೆ, ಕರೆಂಟು ಬಂದೊಡನೆ ಹೊತ್ತಿಸಲು ಯತ್ನಿಸಬಾರದು. ಬಿಸಿ ಬುರುಡೆಯಲ್ಲಿ ಪಾದರಸದ ಆವಿ ಇನ್ನೂ ಒತ್ತಾಗಿರುವುದರಿಂದ ಮೊದಲಿನ ಹೊಡೆತದಿಂದ ಕಿಡಿ ಹಾರದು. ಇಪ್ಪತ್ತು ನಿಮಿಷ ತಾಳುವುದೇ ಲೇಸು.

ಎಷ್ಟು ಜೋಪಾನ ಮಾಡಿದರೂ ದೀಪಕ್ಕೆ ಮುಪ್ಪು ತಪ್ಪದು. ಕಡ್ಡಿಯ ತುದಿಗಳು ಸವೆದು ಅಂತರ ಹಿಗ್ಗುತ್ತದೆ. ಇಲ್ಲಿ ಅವನ್ನು ಹತ್ತಿರಕ್ಕೆ ಸರಿಸುವ ಆಪರೇಟರನಿಲ್ಲ. ಚಾಪ ಉದ್ದವಾದರೆ ಅದರ ಬಿಂಬ ಫಲಕವನ್ನು ಮೀರಿ ಚೆಲ್ಲುತ್ತದೆ. ಎಂದರೆ ದೀಪ ಕೊಡುವ ಬೆಳಕು ಹೆಚ್ಚುಕಡಮೆ ಅಷ್ಟೇ ಇದ್ದರೂ ತೆರೆ ಮಂಕಾಗುತ್ತದೆ. ಜಾಹೀರಾತಿನಲ್ಲಿ ಕಾಣುವ 3000 ಅಥವಾ 5000 ಗಂಟೆಗಳೆಂಬ ಆಯುಸ್ಸು ಸಾಮಾನ್ಯವಾಗಿ ಬೆಳಕು ಅರ್ಧಕ್ಕಿಳಿಯುವ ಕಾಲ. ದೊಡ್ಡ ಅಂಕಿ ಇದ್ದರೆ ಅದು ಮಿತಬೆಳಕಿನ ಬಳಕೆಯ ಲೆಕ್ಕವೆಂದು ತಿಳಿಯಬೇಕು. ಕತ್ತಲೆಯ ಕೋಣೆಯಲ್ಲಿ ಮಿತಬೆಳಕೇ ಸಾಕು, ಕಣ್ಣಿಗೂ ಹಿತ. ಕಣ್ಣು ಮಂದವಾಗಿ ಆಗುವ ಬದಲಾವಣೆಗೆ ಹೊಂದಿಕೊಂಡುಬಿಡುವುದರಿಂದ ಅರ್ಧ ಬೆಳಕು ಹೋಗಿರುವುದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಇಲ್ಲಿಯೇ ಅಪಾಯ. ಹಳೆಯ ಬುರುಡೆಯ ಕ್ವಾರ್ಟ್ಸು ಬಲಗುಂದಿರುತ್ತದೆ, ಒಳಗಿನ ಒತ್ತಡವೋ ಹಾಗೆಯೇ ಇರುತ್ತದೆ. ಎಚ್ಚರಿಕೆಯ ಸೂಚನೆ ಬಂದ ಮೇಲೆ ಗಂಟೆಗಳ ಎಣಿಕೆಯನ್ನು ಸೊನ್ನೆಗೆ ತಿರುಗಿಸಿ ಅದೇ ದೀಪವನ್ನು ಉರಿಸುವುದು ಜಾಣತನವಲ್ಲ.

ದೀಪ ಬದಲಾಯಿಸುವಾಗ ಪ್ಲಗ್ ತೆಗೆದು ಒಂದು ಗಂಟೆ ಕಾಯಬೇಕು. ಚೌಕಟ್ಟನ್ನು ಮಾತ್ರ ಹಿಡಿಯಬೇಕು. ಬೆರಳಿನ ಬೆವರಿನಲ್ಲಿರುವ ಉಪ್ಪಿನ ಸೋಡಿಯಂ ಬಿಸಿ ಕ್ವಾರ್ಟ್ಸನ್ನು ಹರಳುಗಟ್ಟಿಸುವುದರಲ್ಲಿ ಬಲು ಚುರುಕು. ಮುಟ್ಟಿದ ಗುರುತೇ ಮುಂದೆ ಬಿರುಕಿನ ಮೂಲವಾಗಬಹುದು. ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ನಕಲಿ ದೀಪಗಳನ್ನು ನಾನಂತೂ ಯಾರಿಗೂ ಹೇಳಲಾರೆ. ಮೇಲೆ ಹೇಳಿದ 200 ಡಿಗ್ರಿಯ ಕಿರುದಾರಿಯನ್ನು ಅವುಗಳನ್ನು ಮಾಡಿದವರು ಅಳೆದಿದ್ದಾರೆಂದು ನಂಬುವುದಕ್ಕೆ ಆಧಾರವಿಲ್ಲ.

ಒಂದು ವೇಳೆ ದೀಪ ಸಿಡಿದರೆ ದೊಡ್ಡ ಸದ್ದಾಗುತ್ತದೆ. ಒಳಗಿರುವ ಪಾದರಸ ಕೆಲವು ಹತ್ತು ಮಿಲಿಗ್ರಾಮಿನಷ್ಟೇ ಆದರೂ ಅದರ ಆವಿ ಉಸಿರಿನೊಡನೆ ಹೋಗಬಾರದು. ಕೂಡಲೆ ಸ್ವಿಚ್ಚು ಆರಿಸಿ, ಕಿಟಕಿಗಳನ್ನು ತೆರೆದು, ಮಕ್ಕಳನ್ನು ಮೊದಲು ಹೊರಗೆ ಕಳುಹಿಸಿ, ಎಲ್ಲರೂ ಅರ್ಧ ಗಂಟೆ ಹೊರಗಿರಬೇಕು. ಹೊರಬಿದ್ದ ಚೂರುಗಳನ್ನು ಕೈಚೀಲ ತೊಟ್ಟು ರಟ್ಟಿನ ತುಂಡಿನಿಂದಲೂ ಅಂಟುಪಟ್ಟಿಯಿಂದಲೂ ತೆಗೆಯಬೇಕು. ಪೊರಕೆಯೂ ವ್ಯಾಕ್ಯೂಮ್ ಕ್ಲೀನರೂ ಪಾದರಸವನ್ನು ಇನ್ನಷ್ಟು ಹರಡುತ್ತವೆ. ಚೂರುಗಳನ್ನೂ ಹಳೆಯ ದೀಪಗಳನ್ನೂ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಮನೆಯ ಕಸದೊಡನೆ ಸೇರಿಸದೆ, ವಿದ್ಯುನ್ಮಾನ ತ್ಯಾಜ್ಯವನ್ನು ಪಡೆಯಲು ಅನುಮತಿಯುಳ್ಳವರಿಗೆ ಒಪ್ಪಿಸತಕ್ಕದ್ದು. 2022ರ ನಿಯಮಗಳಲ್ಲಿ ಪಾದರಸದ ದೀಪಗಳೂ ಸೇರಿವೆ. ಹೊಸ ದೀಪ ಹಾಕುವ ಮುನ್ನ ಯಂತ್ರವನ್ನು ದುರಸ್ತಿಯವರ ಬಳಿಗೆ ಒಯ್ಯಿರಿ. ಒಳಗೆ ದೀಪ ಸಿಡಿದಿದೆಯೆಂಬುದನ್ನು ಅವರು ಮುಚ್ಚಳ ತೆರೆಯುವ ಮೊದಲೇ ಹೇಳಿರಿ.