ಟ್ರಂಪೆಟ್ಟಿಗೆ ಎಟುಕದ ಎತ್ತರ

1935ರ ನ್ಯೂಯಾರ್ಕ್. ಇಂಗ್ಲೆಂಡಿನಿಂದ ಬಂದಿದ್ದ ವೃಂದನಾಯಕ ರೇ ನೋಬಲ್‌ಗೆ ಅಮೆರಿಕದಲ್ಲೊಂದು ವಾದ್ಯವೃಂದ ಬೇಕಿತ್ತು. ಕಟ್ಟಿಕೊಡುವ ಹೊಣೆ ಗ್ಲೆನ್ ಮಿಲ್ಲರ್ ಎಂಬ ಟ್ರಾಂಬೋನ್ ವಾದಕನ ಹೆಗಲಿಗೆ ಬಿತ್ತು. ವಾದನದಲ್ಲಿ ತಾನು ಅದೇ ವಾದ್ಯ ನುಡಿಸುತ್ತಿದ್ದ ಟಾಮಿ ಡಾರ್ಸಿಯ ಸಮಕ್ಕೆ ನಿಲ್ಲಲಾರೆ ಎಂಬುದು ಮಿಲ್ಲರ್‌ಗೆ ಚೆನ್ನಾಗಿ ಗೊತ್ತಿತ್ತು. ಅವನ ನಿಜವಾದ ಕಸುಬು ನಡೆಯುತ್ತಿದ್ದುದು ಕಾಗದದ ಮೇಲೆ: ಯಾವ ಸ್ವರ ಯಾವ ವಾದ್ಯದ ಪಾಲಿಗೆ ಎಂದು ಹಂಚುವುದು.

ಆ ವೃಂದದಲ್ಲಿ ಪೀ ವೀ ಅರ್ವಿನ್ ಎಂಬ ಟ್ರಂಪೆಟ್ ವಾದಕನಿದ್ದ. ತಾರಸ್ಥಾಯಿಯೆಂದರೆ ಅವನಿಗೆ ಹುಚ್ಚು. ಸ್ಯಾಕ್ಸೋಫೋನುಗಳ ಗುಂಪಿಗೂ ಮೇಲೆ ಅವನ ಟ್ರಂಪೆಟ್ ಹಾಡುವಂತೆ ಮಿಲ್ಲರ್ ಬರೆದುಕೊಟ್ಟ. ಅಷ್ಟರಲ್ಲಿ ಅರ್ವಿನ್ ವೃಂದ ಬಿಟ್ಟ. ಅವನ ಜಾಗಕ್ಕೆ ಬಂದವನಿಗೆ ಆ ಎತ್ತರ ಎಟುಕಲಿಲ್ಲ. ಬರೆದದ್ದೆಲ್ಲ ವ್ಯರ್ಥವಾಗುವಂತಿತ್ತು. ಬೇರೆ ದಾರಿ ಕಾಣದೆ ಮಿಲ್ಲರ್ ಆ ಭಾಗವನ್ನು ಕ್ಲಾರಿನೆಟ್ಟಿಗೆ ಒಪ್ಪಿಸಿದ. ಎರಡೂ ಬಿ-ಫ್ಲಾಟ್ ವಾದ್ಯಗಳಾದ್ದರಿಂದ ಹಾಳೆಯಲ್ಲಿ ಒಂದು ಸ್ವರವನ್ನೂ ತಿದ್ದಬೇಕಾಗಿರಲಿಲ್ಲ. ಅದೇ ಧಾಟಿಯನ್ನು ಒಂದು ಸ್ಥಾಯಿ ಕೆಳಗೆ ಟೆನರ್ ಸ್ಯಾಕ್ಸೋಫೋನ್ ಹಿಡಿಯಿತು. ಮುಂದೆ ಅರ್ವಿನ್ ಹೇಳಿಕೊಂಡ ಕತೆಯಿದು.

ದನಿಯೇನೋ ಸಿಕ್ಕಿತು; ವೃಂದ ಮಾತ್ರ ಬೇರೆಯವರದು. ಅದೇ ಕಾಲಕ್ಕೆ ಮಿಲ್ಲರ್ ಜೋಸೆಫ್ ಶಿಲ್ಲಿಂಗರ್ ಬಳಿ ಪಾಠಕ್ಕೆ ಹೋಗುತ್ತಿದ್ದ. ಸಂಗೀತವನ್ನು ಲೆಕ್ಕದ ಹಾಗೆ ಬಿಡಿಸಿ ಕಲಿಸುತ್ತಿದ್ದ ಗುರು ಆತ. ಅಭ್ಯಾಸಕ್ಕೆಂದು ಶಿಷ್ಯ ಬರೆದ ಒಂದು ಧಾಟಿ ಪಾಠ ಮುಗಿದರೂ ಅವನನ್ನು ಬಿಡಲಿಲ್ಲ. ಅದಕ್ಕೆ ಒಬ್ಬರು ಸಾಹಿತ್ಯ ಬರೆದರು, ಹೊಂದಲಿಲ್ಲ. ಹೆಸರುಗಳು ಬಂದವು, ಹೋದವು. ಧಾಟಿ ಪೆಟ್ಟಿಗೆಯಲ್ಲೇ ಉಳಿಯಿತು.

1937ರಲ್ಲಿ ಮಿಲ್ಲರ್ ಧೈರ್ಯ ಮಾಡಿ ಸ್ವಂತ ವೃಂದ ಕಟ್ಟಿದ. ಊರೂರು ಅಲೆದದ್ದಾಯಿತು, ಕೈಯಿಂದ ದುಡ್ಡು ಹಾಕಿದ್ದಾಯಿತು, ಸಾಲವೂ ಆಯಿತು. ಕುಣಿಯಲು ಬಂದವರಿಗೆ ಈ ವೃಂದಕ್ಕೂ ಇತರ ಹತ್ತಾರು ವೃಂದಗಳಿಗೂ ವ್ಯತ್ಯಾಸವೇ ತಿಳಿಯಲಿಲ್ಲ. 1938ರ ಹೊಸ ವರ್ಷ ಹುಟ್ಟುತ್ತಿದ್ದಂತೆ ಮಿಲ್ಲರ್ ವಾದಕರನ್ನು ಮನೆಗೆ ಕಳಿಸಿದ. ಅದೇ ಜನವರಿ 16ರಂದು, ಅವನ ಹಳೆಯ ಜೊತೆಗಾರ, ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಜಾಜ್ ನುಡಿಸಿ ಸಭೆಯನ್ನು ಗೆದ್ದ.

ಸೋತವನು ಕೂತು ಯೋಚಿಸಿದ. ಗುಡ್‌ಮನ್‌ಗೆ ಅವನದೇ ಕ್ಲಾರಿನೆಟ್, ಡಾರ್ಸಿಗೆ ಅವನದೇ ಟ್ರಾಂಬೋನ್. ತನಗೇನಿದೆ? ನೋಬಲ್ ವೃಂದದಲ್ಲಿ ಅನಿವಾರ್ಯಕ್ಕೆ ಮಾಡಿಕೊಂಡ ಏರ್ಪಾಟೊಂದಿತ್ತು. ಕೆಲವೇ ತಿಂಗಳಲ್ಲಿ ಹೊಸ ವೃಂದ ಎದ್ದಿತು. ಈ ಸಲ ಸ್ಯಾಕ್ಸೋಫೋನುಗಳ ಮುಂದಾಳತ್ವ ಕ್ಲಾರಿನೆಟ್ಟಿನದು. ನುಡಿಸಲು ಬಂದವನು ವಿಲ್ಬರ್ ಶ್ವಾರ್ಟ್ಸ್ ಎಂಬ ಹುಡುಗ. ಮಿಲ್ಲರ್ ಕಟ್ಟುನಿಟ್ಟಿನ ಮನುಷ್ಯ. ಕ್ಲಾರಿನೆಟ್, ನಾಲ್ಕು ಸ್ಯಾಕ್ಸೋಫೋನು ಸೇರಿ ಐವರ ಉಸಿರು ಒಂದಾಗುವ ತನಕ ತಾಲೀಮು ಬಿಡಲಿಲ್ಲ.

ಪೆಟ್ಟಿಗೆಯಲ್ಲಿದ್ದ ಧಾಟಿ ಆಗ ಹೊರಬಂತು. 1939ರ ಏಪ್ರಿಲ್ 4ರಂದು ಬ್ಲೂಬರ್ಡ್ ಕಂಪನಿಗಾಗಿ ಅದರ ಧ್ವನಿಮುದ್ರಣವಾಯಿತು. ತಟ್ಟೆಯ ಮುಖ್ಯ ಬದಿಗೆ 'ಸನ್‌ರೈಸ್ ಸೆರೆನೇಡ್' ಗೊತ್ತಾಗಿತ್ತು. ಸೂರ್ಯೋದಯದ ಬೆನ್ನಿಗೆ ಬೆಳದಿಂಗಳೇ ಇರಲಿ ಎಂದು ಇನ್ನೊಂದು ಬದಿಗೆ 'ಮೂನ್‌ಲೈಟ್ ಸೆರೆನೇಡ್' ಎಂಬ ಹೆಸರು ಬಿತ್ತು. ಆ ಬೇಸಿಗೆ ನ್ಯೂಯಾರ್ಕ್ ಬಳಿಯ ನ್ಯೂ ರೊಶೆಲ್‌ನ ಗ್ಲೆನ್ ಐಲೆಂಡ್ ಕ್ಯಾಸಿನೊದಿಂದ ರೇಡಿಯೊ ಅದನ್ನು ದೇಶದ ಮನೆಮನೆಗೆ ಮುಟ್ಟಿಸಿತು. ಹಿಂಬದಿಯ ಹಾಡೇ ವೃಂದದ ಗುರುತಾಯಿತು.

ಆ ದನಿಯ ಗುಟ್ಟು ಇಷ್ಟೇ. ಕ್ಲಾರಿನೆಟ್ ಮೇಲೆ, ಟೆನರ್ ಸ್ಯಾಕ್ಸೋಫೋನ್ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಇಬ್ಬರದೂ ಒಂದೇ ಧಾಟಿ. ಉಳಿದ ಮೂರು ಸ್ಯಾಕ್ಸೋಫೋನುಗಳು ಆ ಎರಡರ ನಡುವಿನ ಜಾಗದಲ್ಲಿ ಒತ್ತೊತ್ತಾಗಿ ಸ್ವರ ತುಂಬುತ್ತವೆ. ಕಿವಿಗೆ ಐದು ವಾದ್ಯ ಕೇಳುವುದಿಲ್ಲ, ಅಂಚು ಹೊಳೆಯುವ ಒಂದೇ ದನಿ ಕೇಳುತ್ತದೆ. ಆ ಹಾಡಿನ ಶ್ರುತಿ ಎಫ್ ಮೇಜರ್; ಸ್ವರಸ್ಥಾನಗಳು ಶಂಕರಾಭರಣದವೇ, ಶೋಕದವಲ್ಲ. ಆದರೆ ಧಾಟಿ ಆ ಶ್ರೇಣಿಗೆ ಸೇರದ ಪಕ್ಕದ ಸ್ವರವನ್ನು ಮತ್ತೆ ಮತ್ತೆ ಸವರಿ ಬರುವುದರಿಂದ ಸಂತೋಷಕ್ಕೆ ಸಣ್ಣ ಹಂಬಲ ಬೆರೆಯುತ್ತದೆ. ನಡೆ ನಿಧಾನ, ಜೋಡಿಗಳು ಮೆಲ್ಲಗೆ ಹೆಜ್ಜೆಯಿಡುವ ಫಾಕ್ಸ್‌ಟ್ರಾಟ್‌ನದು. ಅದು ಚುರುಕಾಗಿದ್ದಿದ್ದರೆ ಈ ಬೆರಕೆ ಕಿವಿಗೆ ದಕ್ಕುವ ಮೊದಲೇ ಸ್ವರ ದಾಟಿಹೋಗುತ್ತಿತ್ತು.