ಅಡಿಕೆ ಊರಿನವರು ನೋಡಬೇಕಾದ ಒಂದು ಲೆಕ್ಕ

ಇಚಿಲಂಪಾಡಿ: “ಅಡಿಕೆ ತಿಂದರೆ ಕ್ಯಾನ್ಸರ್ ಬರ್ತದಂತೆ” ಎಂದು ಯಾರಾದರೂ ಬಾಯಿ ಬಿಡಲಿ, ನಮ್ಮ ಕಡೆ ಅಂಗಡಿ ಜಗಲಿಯಲ್ಲಿ ಜಗಳವೇ ಶುರು. “ನಮ್ಮ ಅಜ್ಜ ಸಾಯುವವರೆಗೂ ಎಲೆ ತಿಂದವರು ಮಾರಾಯ್ರೇ, ಅವರಿಗೆ ಎಂತ ಆಯ್ತು?” ಎಂದು ಒಬ್ಬರು ಕೇಳುತ್ತಾರೆ. “ಅದು ಹೊಗೆಸೊಪ್ಪಿನ ಕೆಲಸ, ಅಡಿಕೆದ್ದಲ್ಲ” ಎಂದು ಇನ್ನೊಬ್ಬರು ತೀರ್ಪು ಕೊಟ್ಟು ಎದ್ದು ಹೋಗುತ್ತಾರೆ.

ಸಿಟ್ಟು ಬರುವುದು ಸಹಜವೇ. ಮಕ್ಕಳ ಫೀಸು, ಮಗಳ ಮದುವೆ, ಸೊಸೈಟಿ ಸಾಲ ಎಲ್ಲವೂ ನಿಂತಿರುವುದು ಅಂಗಳದಲ್ಲಿ ಒಣಗುವ ಅಡಿಕೆಯ ಮೇಲೆ. ಆದರೆ ಬಾಯಿಗೆ ಬಂದಂತೆ ಮಾತಾಡದೆ, ವರ್ಷಗಟ್ಟಲೆ ಕೂತು ಲೆಕ್ಕ ಹಾಕಿದ ವೈದ್ಯ ಸಂಶೋಧಕರೊಬ್ಬರು ನಮ್ಮ ಬೆಂಗಳೂರಿನಲ್ಲೇ ಕೆಲಸ ಮಾಡಿದರು ಎಂಬುದು ಎಷ್ಟು ಜನರಿಗೆ ಗೊತ್ತುಂಟು? ಅವರು ಡಾ. ಎ. ನಂದಕುಮಾರ್.

ಲೆಕ್ಕದ ಡಾಕ್ಟ್ರು

ಇವರು ಹೆಸರು ಮಾಡಿದ್ದು ಆಪರೇಶನ್ನಿನಿಂದಲ್ಲ. ಕ್ಯಾನ್ಸರ್ ಯಾರಿಗೆ ಬಂತು, ದೇಹದ ಯಾವ ಭಾಗಕ್ಕೆ ಬಂತು, ಯಾಕೆ ಬಂತು ಎಂಬ ಪ್ರಶ್ನೆ ಹಿಡಿದು ಹೊರಟವರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಯಾನ್ಸರ್ ನೋಂದಣಿ ಯೋಜನೆಯಲ್ಲಿ 1982ರಿಂದ ಬೆಂಗಳೂರು, ಬೊಂಬಾಯಿ, ಮದ್ರಾಸುಗಳಲ್ಲಿ ಎಣಿಕೆ ಶುರುವಾಯಿತು. ಬೆಂಗಳೂರಿನ ಹೊಣೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯದು. ಎಣಿಕೆ ಅಂದರೆ ಸುಲಭ ಅಂತ ತಿಳಿಯಬೇಡಿ. ಊರಿಡೀ ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬೊರೇಟರಿ, ಕೊನೆಗೆ ಸಾವಿನ ರಿಜಿಸ್ಟರನ್ನೂ ಹುಡುಕಬೇಕು. ಒಬ್ಬನೇ ರೋಗಿ ಎರಡು ಕಡೆ ತೋರಿಸಿಕೊಂಡರೆ ಎರಡು ಸಲ ಲೆಕ್ಕಕ್ಕೆ ಬರಬಾರದು. ತೋಟದಲ್ಲಿ ಉದುರಡಿಕೆ ಹೆಕ್ಕಿದ ಹಾಗೆ, ಬಗ್ಗಿ ಬಗ್ಗಿ ಮಾಡುವ ಕೆಲಸ!

343 ರೋಗಿಗಳು

1996ರಲ್ಲಿ ನಂದಕುಮಾರ್ ಮತ್ತು ಸಂಗಡಿಗರ ಅಧ್ಯಯನವೊಂದು ‘ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್’ ಪತ್ರಿಕೆಯಲ್ಲಿ ಅಚ್ಚಾಯಿತು. ವಿಷಯ: ಅನ್ನನಾಳದ ಕ್ಯಾನ್ಸರ್. ರೋಗಿಗಳು 343 ಮಂದಿ; ಹೋಲಿಸಿ ನೋಡಲು ಆ ರೋಗವಿಲ್ಲದವರು ಅದರ ಎರಡರಷ್ಟು. ಎಲೆಅಡಿಕೆ ಉಂಟೇ? ಹೊಗೆಸೊಪ್ಪು ಸೇರಿಸುತ್ತೀರೇ? ಬೀಡಿ? ಕುಡಿತ? ಎಲ್ಲವನ್ನೂ ವಿಚಾರಿಸಿದರು.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅದನ್ನು ಮೇಲು, ನಡು, ಕೆಳಗು ಎಂದು ಮೂರು ಭಾಗ ಮಾಡಿ ನೋಡಿದರು. ಸ್ವಾರಸ್ಯ ಇರುವುದು ಅಲ್ಲೇ. ಗಂಡಸರಲ್ಲಿ ಬೀಡಿ ಮೂರೂ ಭಾಗಕ್ಕೆ ಕೇಡು, ಮೇಲಿನದಕ್ಕೆ ಎಲ್ಲಕ್ಕಿಂತ ಹೆಚ್ಚು. ಕುಡಿತದ ಅಪಾಯ ನಡುಭಾಗಕ್ಕೆ. ಜಗಿಯುವ ಅಭ್ಯಾಸದಿಂದ ಮೇಲಿನ ಭಾಗಕ್ಕೆ ಅಪಾಯ ಕಾಣಲಿಲ್ಲ. ಆದರೆ ನಡುಭಾಗಕ್ಕೆ ಹೊಗೆಸೊಪ್ಪಿಲ್ಲದೆ ಜಗಿದದ್ದೇ ಅಪಾಯ! ಕೆಳಭಾಗದಲ್ಲಿ ಹೊಗೆಸೊಪ್ಪು ಸೇರಿಸಿ ಜಗಿದದ್ದು ಎದ್ದು ಕಂಡಿತು.

ಜಗಲಿಯ ತೀರ್ಪು ಅಲ್ಲಾಡಿತಲ್ಲ?

ಒಂದೇ ಅಧ್ಯಯನ ಹಿಡಿದು ಕೊನೆಯ ಮಾತು ಹೇಳಲಾಗದು, ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯೂ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ಹಲವು ದೇಶಗಳ ಪುರಾವೆ ನೋಡಿ 2003ರಲ್ಲಿ ಹೊಗೆಸೊಪ್ಪಿಲ್ಲದ್ದನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. 2012ರ ಅದರ ಸಂಪುಟ, ಹೊಗೆಸೊಪ್ಪಿಲ್ಲದ ಎಲೆಅಡಿಕೆಯಿಂದ ಬಾಯಿಯ ಜೊತೆಗೆ ಅನ್ನನಾಳಕ್ಕೂ ಕ್ಯಾನ್ಸರ್ ಬರುತ್ತದೆ ಎಂದಿತು.

ನಂದಕುಮಾರ್ ಮುಂದೆ ಇಡೀ ದೇಶದ ನೋಂದಣಿ ಯೋಜನೆಯನ್ನೇ ನಡೆಸಿದರು. 2001-02ರ ಮಾಹಿತಿಯಿಂದ ಭಾರತದ ಕ್ಯಾನ್ಸರ್ ನಕಾಶೆ ತಯಾರಾದದ್ದು ಅವರ ಮುಂದಾಳುತನದಲ್ಲಿ. ಮಿಜೋರಾಮದ ಐಜಾಲ್‌ನಲ್ಲಿ ಜಠರದ ಕ್ಯಾನ್ಸರ್ ಎಷ್ಟು ಹೆಚ್ಚೆಂದು ಆ ನಕಾಶೆ ಎತ್ತಿ ತೋರಿಸಿತು.

ಹಾಗಾದರೆ ತೋಟ ಕಡಿಯುವುದೇ?

ಹಾಗೆ ಯಾರೂ ಹೇಳಿಲ್ಲ. ಸಾಲ ತೀರಿಸುವ ಮರವನ್ನು ಕಡಿ ಎನ್ನುವುದು ಸುಲಭ, ಬದಲಿಗೆ ಏನು ನೆಡುವುದು ಎಂದು ಹೇಳುವುದು ಕಷ್ಟ. ಅದು ಸರಕಾರ ಮತ್ತು ಬೆಳೆಗಾರರ ಸಂಘಗಳು ಕೂತು ಯೋಚಿಸಬೇಕಾದ ಸಂಗತಿ. ಆದರೆ ಲೆಕ್ಕಕ್ಕೆ ಉತ್ತರವನ್ನು ಲೆಕ್ಕದಿಂದಲೇ ಕೊಡಬೇಕು, ಘೋಷಣೆಯಿಂದಲ್ಲ. ನಮ್ಮ ಚಾಲಿ ಗುಜರಾತಿಗೆ ಹೋಗುತ್ತದೆ, ಉತ್ತರಕ್ಕೆ ಹೋಗುತ್ತದೆ. ಅಲ್ಲಿ ಜಗಿಯುವವರ ಅನ್ನನಾಳವೂ ನಮ್ಮಂಥದ್ದೇ.

ಇನ್ನು ಮನೆಮಟ್ಟದ ಮಾತು. ತುಳುವಿನಲ್ಲಿ ಬಚ್ಚಿರೆ-ಬಜ್ಜೆಯಿ ಕೊಡುವುದು ಮರ್ಯಾದೆ. ತಟ್ಟೆಯಲ್ಲಿಟ್ಟು ಕೊಡುವುದರಿಂದ ಯಾರಿಗೂ ರೋಗ ಬರುವುದಿಲ್ಲ. ದಿನವಿಡೀ ಜಗಿದು ರಸ ನುಂಗುವುದು ಬೇರೆ. ಹಿರಿಯರು ಯಾರಾದರೂ “ಕುಚ್ಚಲಕ್ಕಿ ಅನ್ನ ಎದೆಯಲ್ಲಿ ನಿಲ್ತದೆ, ಗಂಜಿ ಮಾತ್ರ ಇಳೀತದೆ” ಅಂದರೆ ವಾಯು ಎಂದು ಕಷಾಯ ಕುಡಿಸುತ್ತಾ ತಿಂಗಳು ಕಳೆಯಬೇಡಿ. ಅನ್ನ ಸಿಕ್ಕಿಕೊಳ್ಳುವ ಹೊತ್ತಿಗೆ ಕೊಳವೆ ಸಾಕಷ್ಟು ಕಿರಿದಾಗಿರುತ್ತದೆ. ಮಂಗಳೂರಿಗೆ ಕರಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿ.

ಜಗಲಿಯ ಜಗಳ ಆಮೇಲೂ ಆಗಬಹುದು.